ಜಗಲಿಯ ಮೇಲಿನ ಲೋಟ



ನಿಮ್ಮಲ್ಲಿ ಐವತ್ತು ದಾಟಿದವರಿಗೆ ಮನೆಬಾಗಿಲ ಕೂಗುಗಳು ನೆನಪಿರಬೇಕು. ನಸುಕಿನಲ್ಲಿ ಹಾಲಿನವನು, ಬಿಸಿಲೇರುವ ಮುನ್ನ ಸೊಪ್ಪಿನವಳು, ಮಧ್ಯಾಹ್ನ ಸಾಣೆ ಹಿಡಿಯುವವನು. ಹಾಲಿನ ಲೆಕ್ಕ ಗೋಡೆಯ ಮೇಲಿನ ಇದ್ದಿಲ ಗೆರೆಗಳಲ್ಲಿತ್ತು. ಸುಣ್ಣ ಬಳಿಯುವ ಮುನ್ನ ಬಾಕಿ ತೀರಿಸಬೇಕು, ಅಷ್ಟೇ ಕಾನೂನು!

ಇವರೆಲ್ಲರಲ್ಲಿ ನನ್ನ ಮನಸ್ಸನ್ನು ಸೆಳೆದವನು ಕಲಾಯಿಗಾರ. ಕ್ರಿಸ್ತಜಯಂತಿಗೆ ಮುನ್ನ ಅವನು ನಮ್ಮ ಬೀದಿಗೆ ಬರುತ್ತಿದ್ದ. ನೆಲದಲ್ಲಿ ಗುಂಡಿ ತೋಡಿ, ಇದ್ದಿಲು ಹೊತ್ತಿಸಿ, ಚರ್ಮದ ತಿದಿಯೊತ್ತುತ್ತಿದ್ದ. ಪಾತ್ರೆ ಕಾದೊಡನೆ ನವಸಾಗರದ ಪುಡಿ ಎರಚಿದರೆ ಗಮ್ಮನೆ ಬಿಳಿ ಹೊಗೆ ಏಳುತ್ತಿತ್ತು. ತವರದ ಕಡ್ಡಿ ಸೋಕಿಸಿ, ಹತ್ತಿಯುಂಡೆಯಿಂದ ಸರ್ರನೆ ಒರೆಸಿದರೆ, ಕಪ್ಪಿಟ್ಟ ಒಡಲು ಬೆಳ್ಳಿಯಂತೆ ಹೊಳೆಯುತ್ತಿತ್ತು. ಆ ಹೊಗೆಯನ್ನು ದಿನವಿಡೀ ಕುಡಿದ ಅವನ ಕೆಮ್ಮು ನಮಗೆ ಆಟದ ಅನುಕರಣೆಯಾಗಿತ್ತು. ಹುಳಿ ತಗುಲಿದರೆ ತಾಮ್ರ, ಹಿತ್ತಾಳೆ ಕಿಲುಬುಗಟ್ಟಿ ಅಡುಗೆ ವಿಷವಾಗುತ್ತದೆ. ಕಲಾಯಿ ಎಂಬುದು ಅಂದವಲ್ಲ, ಆರೋಗ್ಯ. ಅವನು ನಮ್ಮ ಪ್ರಾಣವನ್ನೇ ಕಾಯುತ್ತಿದ್ದ ಎಂದರೂ ತಪ್ಪಿಲ್ಲ.

ಅಂಥವನಿಗೆ ನಾವು ಚಹಾ ಕೊಡುತ್ತಿದ್ದುದು ಯಾವುದರಲ್ಲಿ? ಜಗಲಿಯ ಮಾಡದಲ್ಲಿ ಮಗುಚಿಟ್ಟಿದ್ದ ಒಂದು ನೆಗ್ಗಿದ ಹಿತ್ತಾಳೆ ಲೋಟದಲ್ಲಿ. ಕುಡಿದು, ತಾನೇ ತೊಳೆದು, ಅಲ್ಲಿಯೇ ಇಡಬೇಕು. ನಾವು ದಿನವೂ ಜಪಸರ ಹೇಳುತ್ತಿದ್ದ ಮನೆಯವರು. ಯಾರೂ ಒರಟಾಗಿ ಮಾತನಾಡುತ್ತಿರಲಿಲ್ಲ. ಅಮ್ಮ ಎರಡು ರೊಟ್ಟಿ ಹೆಚ್ಚೇ ಕೊಡುತ್ತಿದ್ದಳು. ಆದ್ದರಿಂದಲೇ ಆ ಲೋಟ ನಮ್ಮ ಕಣ್ಣಿಗೆ ಬೀಳಲಿಲ್ಲವೇನೋ.

ಸಮಾರಿಯದ ಸ್ತ್ರೀಯ ಬಳಿ ಯೇಸುಸ್ವಾಮಿ ನೀರು ಕೇಳಿದ ಪ್ರಸಂಗವನ್ನು ಸಂತ ಯೊವಾನ್ನರ ಶುಭಸಂದೇಶದ 4ನೇ ಅಧ್ಯಾಯದಲ್ಲಿ ನಾವು ಎಷ್ಟು ಬಾರಿ ಕೇಳಿಲ್ಲ! ಸೇದಲು ಅವರ ಬಳಿ ಪಾತ್ರೆ ಇರಲಿಲ್ಲ. ಕುಡಿಯುವುದಾದರೆ ಅವಳ ಕೊಡದಿಂದಲೇ ಕುಡಿಯಬೇಕಿತ್ತು. ಅವಳು ಬೆರಗಾದುದು ಅದಕ್ಕಾಗಿ.

ಹಾಗಾದರೆ ಹಳೆಯ ದಿನಗಳೇ ಒಳ್ಳೆಯವಾಗಿದ್ದವು ಎನ್ನುವಾಗ ನಾವು ಯಾರ ಪರವಾಗಿ ಹೇಳುತ್ತಿದ್ದೇವೆ? ಬಾಗಿಲೊಳಗೆ ನಿಂತವರ ಪರವಾಗಿ ಮಾತ್ರವಲ್ಲವೇ? ಅವನ ಹೆಸರು, ಊರು, ಮಗಳ ಮದುವೆ ನಮಗೆ ಗೊತ್ತಿದ್ದವು ನಿಜ. ಇಂದು ಮೊಬೈಲಿನಲ್ಲಿ ಹೆಸರು ಕಾಣಿಸಿದರೂ ಪೊಟ್ಟಣ ತಂದವನ ಮುಖ ನೋಡದೆ ಬಾಗಿಲು ಮುಚ್ಚುತ್ತೇವೆ. ಅಂಥ ದುಡಿಮೆಗಾರರ ಸಾಮಾಜಿಕ ಭದ್ರತೆಗಾಗಿ ಕರ್ನಾಟಕ 2025ರಲ್ಲಿ ಕಾಯಿದೆಯನ್ನೇ ತರಬೇಕಾಯಿತು. ಆದರೆ ಕಲಾಯಿಗಾರನಿಗೆ ನಮ್ಮ ಅಕ್ಕರೆಯಾಚೆ ಯಾವ ಭದ್ರತೆಯಿತ್ತು? ಸ್ಟೀಲು ಪಾತ್ರೆಗಳು ಬಂದ ಮೇಲೆ ಒಂದು ವರ್ಷ ಅವನು ಬಂದು, ಕೂಗಿ, ಹಾಗೆಯೇ ಹೋದ. ಮರುವರ್ಷ ಬರಲಿಲ್ಲ. ನಾವು ವಿಚಾರಿಸಲೂ ಇಲ್ಲ.

ಈಗ ನೆನೆದರೆ ಒಂದು ಸಂಗತಿ ಕಾಡುತ್ತದೆ. ಪ್ರತಿ ವರ್ಷ ಅಂಗಳದಲ್ಲಿ ಪಾತ್ರೆಗಳನ್ನು ರಾಶಿ ಹಾಕುತ್ತಿದ್ದವನು ನಾನೇ. ಕೊಳಗ, ಚೊಂಬು, ತಪ್ಪಲೆ, ಎಲ್ಲವನ್ನೂ ಎಣಿಸಿ ಕೊಡುತ್ತಿದ್ದೆ. ಜಗಲಿಯ ಆ ಲೋಟವನ್ನು ಮಾತ್ರ ಒಮ್ಮೆಯೂ ಆ ರಾಶಿಗೆ ಸೇರಿಸಿದ ನೆನಪಿಲ್ಲ.