ಲಂಚ ಕೊಟ್ಟು ಬಂದು ‘ಲಂಚಾವತಾರ’ ನೋಡಿದ ರಾತ್ರಿ

2019ರ ಮೇ 2, ಗುರುವಾರ ಮಾಸ್ಟರ್ ಹಿರಣ್ಣಯ್ಯ ತೀರಿಕೊಂಡರು. ಅವರಿಗೆ 85 ವರ್ಷವಾಗಿತ್ತು. ಬಾಗಲೂರಿನ ನಮ್ಮ ಮನೆಯಲ್ಲಿ ಅವತ್ತು ಹತ್ತಿರದ ನೆಂಟರೇ ಹೋದಂಥ ವಾತಾವರಣ. ಸಂಜೆ ಅಪ್ಪ ಅಟ್ಟದ ಮೇಲಿನಿಂದ ಹಳೆಯದೊಂದು ಬೂಟಿನ ಡಬ್ಬ ಇಳಿಸಿದರು. ಅದರಲ್ಲಿ ಅವರು ವರ್ಷಗಟ್ಟಲೆ ಕೂಡಿಟ್ಟಿದ್ದ ಆಸ್ತಿಯಿತ್ತು: ‘ಲಂಚಾವತಾರ’, ‘ನಡುಬೀದಿ ನಾರಾಯಣ’, ‘ಮಕ್ಮಲ್ ಟೋಪಿ’ ನಾಟಕಗಳ ಕ್ಯಾಸೆಟ್ಟುಗಳು, ಸಿ.ಡಿ.ಗಳು. ದೊಡ್ಡಪ್ಪ ಬಂದರು, ಎದುರು ಮನೆಯವರು ಬಂದರು. ಅಮ್ಮ ಮಂಡಕ್ಕಿ ಕಲಸಿಕೊಟ್ಟರು. ಅಪ್ಪ ‘ಲಂಚಾವತಾರ’ದ ಸಿ.ಡಿ.ಯನ್ನು ಪಂಚೆಯ ಅಂಚಿನಿಂದ ಒರೆಸಿ ಹಾಕಿದರು.

ಎಲ್ಲರೂ ನಕ್ಕರು. ಅಪ್ಪನಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ ಆಗ ಒಂದೇ ಮಾತು ಕೇಳಿದರು: “ಏನ್ರೀ, ಮಂಗಳವಾರ ನೀವು ಕೊಟ್ಟು ಬಂದ್ರಲ್ಲ, ಅದಕ್ಕೂ ಹಿಂಗೇ ನಗಬೇಕಾ?”

ಅಪ್ಪ ಸುಮ್ಮನಾದರು. ದೊಡ್ಡಪ್ಪ ಮಂಡಕ್ಕಿ ತಟ್ಟೆ ನೋಡತೊಡಗಿದರು. ಟಿ.ವಿ.ಯೊಳಗಿನ ಪ್ರೇಕ್ಷಕರು ಮಾತ್ರ ಇನ್ನೂ ನಗುತ್ತಲೇ ಇದ್ದರು.

ವಿಷಯ ಇಷ್ಟೇ. ತಾತನ ಹೆಸರಿನಲ್ಲಿದ್ದ ನಿವೇಶನದ ಖಾತೆ ಅಪ್ಪನ ಹೆಸರಿಗೆ ಆಗಬೇಕಿತ್ತು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ನಮ್ಮ ಕಡೆ ಅಂಗೈಯಗಲ ನೆಲಕ್ಕೂ ಬೆಲೆ ಬಂದಿದೆ. ಬೆಲೆ ಬಂದ ಕಡೆ ಕಾಗದ ತಾನಾಗಿ ನಡೆಯುವುದಿಲ್ಲ. ಅಪ್ಪ ಐದು ತಿಂಗಳು ಕಚೇರಿಗೆ ಅಲೆದರು. ಏಪ್ರಿಲ್ 30ರ ಮಂಗಳವಾರ ಇಪ್ಪತ್ತು ಸಾವಿರ ರೂಪಾಯಿಯನ್ನು ಕವರಿನಲ್ಲಿಟ್ಟು ಕೊಟ್ಟು ಬಂದರು. ಗುರುವಾರ ಕೂತು ‘ಲಂಚಾವತಾರ’ ನೋಡಿದರು.

ಆಗ ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಅಪ್ಪನ ಮೇಲೆ ಸಿಟ್ಟು ಬಂದಿತ್ತು. ಈಗ ವೃತ್ತಿರಂಗಭೂಮಿಯ ಹಾಸ್ಯದ ಬಗ್ಗೆ ಸಂಶೋಧನೆ ಮಾಡುತ್ತಿದ್ದೇನೆ. ಸಿಟ್ಟು ಹೋಗಿದೆ, ಅಮ್ಮನ ಪ್ರಶ್ನೆ ಉಳಿದಿದೆ. ತಪ್ಪೊಂದನ್ನು ಕಂಡು ನಗುವವನು ಆ ತಪ್ಪಿನಿಂದ ಹೊರಗೆ ನಿಂತಿದ್ದಾನೆಯೇ? ಅಥವಾ ಹೊರಗೆ ನಿಂತಿದ್ದೇನೆ ಅನ್ನಿಸಲಿ ಎಂದೇ ನಾವು ನಗುತ್ತೇವೆಯೇ?

ಇಂದಿನ ವಿದ್ಯಾರ್ಥಿಗಳಿಗಾಗಿ ಹಿರಣ್ಣಯ್ಯನವರ ಬಗ್ಗೆ ಎರಡು ಮಾತು. ಹುಟ್ಟಿದ್ದು 1934ರಲ್ಲಿ, ಹೆಸರು ನರಸಿಂಹಮೂರ್ತಿ. ತಂದೆ ಕೆ. ಹಿರಣ್ಣಯ್ಯ ಕಟ್ಟಿದ ಮಿತ್ರಮಂಡಳಿಯನ್ನು ಅವರ ನಂತರ ಮುಂದುವರಿಸಿದರು. ‘ಲಂಚಾವತಾರ’ ಹತ್ತು ಸಾವಿರಕ್ಕೂ ಹೆಚ್ಚು ಪ್ರದರ್ಶನ ಕಂಡಿತೆಂಬ ಲೆಕ್ಕವಿದೆ. ಇವತ್ತು ಒಬ್ಬರೇ ಮೈಕ್ ಹಿಡಿದು ನಿಂತು ಜನರನ್ನು ನಗಿಸುವುದಕ್ಕೆ ಸ್ಟ್ಯಾಂಡ್-ಅಪ್ ಅನ್ನುತ್ತೇವೆ. ಹಿರಣ್ಣಯ್ಯ ಆಡುತ್ತಿದ್ದುದು ನಾಟಕ, ನಿಜ. ಆದರೆ ಜನ ಕಾಯುತ್ತಿದ್ದುದು ಅವರು ಕಥೆ ಬಿಟ್ಟು, ರಂಗದ ಅಂಚಿಗೆ ಬಂದು, ಬೆಳಗಿನ ಪತ್ರಿಕೆಯಲ್ಲಿ ಬಂದದ್ದನ್ನು ಹಿಡಿದು ಮಾತಾಡುವ ಗಳಿಗೆಗಾಗಿ. ಆ ಗಳಿಗೆಯಲ್ಲಿ ಅವರು ಯಾವ ಸ್ಟ್ಯಾಂಡ್-ಅಪ್ ಕಲಾವಿದನಿಗೂ ಕಡಿಮೆಯಿರಲಿಲ್ಲ. ನಿನ್ನೆಯ ‘ಲಂಚಾವತಾರ’ ಇವತ್ತು ಇರುತ್ತಿರಲಿಲ್ಲ.

ಹಾಗಾದರೆ ಕ್ಯಾಸೆಟ್ಟಿನಲ್ಲಿ, ಸಿ.ಡಿ.ಯಲ್ಲಿ ಉಳಿದಿರುವುದು ಯಾವುದು? ಎರಡು ವರ್ಷಗಳಿಂದ ಯಲಹಂಕ, ಹೆಬ್ಬಾಳ, ಯಶವಂತಪುರದ ಕಡೆ ಇಂಥ ಸಂಗ್ರಹ ಇಟ್ಟುಕೊಂಡಿರುವ ಅಭಿಮಾನಿಗಳನ್ನು ಹುಡುಕಿ ಮಾತಾಡಿಸುತ್ತಿದ್ದೇನೆ. ಒಬ್ಬೊಬ್ಬರದು ಒಂದೊಂದು ಅಭಿಪ್ರಾಯ.

ಯಲಹಂಕದ ನಿವೃತ್ತ ಬಸ್ ಚಾಲಕರೊಬ್ಬರ ಹತ್ತಿರ ಸಿ.ಡಿ.ಗಳಿವೆ, ಆದರೆ ಅವುಗಳ ಮೇಲೆ ಅವರಿಗೆ ಗೌರವವಿಲ್ಲ. “ಅದರಲ್ಲಿ ಇರೋದು ಅರ್ಧ ಹಿರಣ್ಣಯ್ಯ. ಇನ್ನರ್ಧ ನಮ್ಮ ಹೊಟ್ಟೇಲಿದ್ದ ಹೆದರಿಕೆ” ಅಂದರು. ಮಂತ್ರಿಗಳನ್ನು, ಅಧಿಕಾರಿಗಳನ್ನು ಝಾಡಿಸಿ ಮುಗಿಸಿದ ಮೇಲೆ ಹಿರಣ್ಣಯ್ಯ ಪ್ರೇಕ್ಷಕರ ಕಡೆಗೇ ತಿರುಗುತ್ತಿದ್ದರಂತೆ. “ಓಟು ಮಾರಿಕೊಂಡೋರು, ಟಿಕೆಟ್ ಇಲ್ಲದೆ ಬಂದೋರು, ಎಲ್ಲರಿಗೂ ಇತ್ತು. ಯಾರಿಗೆ ಬೀಳುತ್ತೋ ಅಂತ ಕುರ್ಚೀಲಿ ಮುದುರಿಕೊಂಡು ಕೂತ್ಕೋತಿದ್ವಿ. ಬಿದ್ದಾಗ ನಗ್ತಿದ್ವಿ, ಬೇರೆ ದಾರಿ ಇರಲಿಲ್ಲ.”

ಯಶವಂತಪುರದ ವ್ಯಾಪಾರಿಯೊಬ್ಬರಿಗೆ ಕ್ಯಾಸೆಟ್ಟೇ ಶ್ರೇಷ್ಠ. ಮುಖ ಕಾಣದಿದ್ದರೂ ಮಾತಿನ ಓಟ, ಉಸಿರು ಹಿಡಿಯುವ ರೀತಿ, ಜನರ ನಗು ನಿಲ್ಲುವವರೆಗೆ ಕಾಯುವ ತಾಳ್ಮೆ ಎಲ್ಲವೂ ಕಿವಿಗೆ ಸಿಗುತ್ತದೆ ಎನ್ನುತ್ತಾರೆ. ಮಂಡಿಯಲ್ಲಿ ಲೆಕ್ಕ ಬರೆಯುತ್ತಾ ಕೇಳುತ್ತಿದ್ದರಂತೆ. “ಉಪದೇಶ ಶುರುವಾದಾಗ ಮಾತ್ರ ಮುಂದಕ್ಕೆ ಓಡಿಸ್ತಿದ್ದೆ” ಎಂದು ನಕ್ಕರು.

ನನ್ನ ಜೊತೆ ಸಂಶೋಧನೆ ಮಾಡುತ್ತಿರುವ ಗೆಳತಿಯೊಬ್ಬಳು ಒಂದಿಡೀ ಭಾನುವಾರ ನಮ್ಮ ಮನೆಯಲ್ಲಿ ಕೂತು ಈ ಸಿ.ಡಿ.ಗಳನ್ನು ನೋಡಿದಳು. ರಾಜಕಾರಣಿಯನ್ನು ಗೇಲಿ ಮಾಡುವಾಗ ಬೆಂಕಿಯಂತಿರುವ ಹಾಸ್ಯ ಹೆಂಗಸರ ವಿಷಯಕ್ಕೆ ಬಂದಾಗ ಹಳೆಯ ಕಂಪನಿ ನಾಟಕಗಳ ಚಟಾಕಿಗೆ ಇಳಿಯುತ್ತದೆ ಅನ್ನುವುದು ಅವಳ ದೂರು. ಹಾಗಾದರೆ ಆ ಭಾಗಗಳನ್ನು ಕತ್ತರಿಸಬೇಕಾ ಎಂದು ಕೇಳಿದೆ. “ಬೇಡ. ಅಲ್ಲಿ ಯಾರ್ಯಾರು ಎಷ್ಟು ಜೋರಾಗಿ ನಕ್ಕಿದ್ದಾರೆ ಅನ್ನೋದೂ ದಾಖಲೆಯೇ” ಅಂದಳು. ಅವಳ ಮಾತು ನನಗೆ ಒಪ್ಪಿಗೆ. ಸತ್ತವರ ಮಾತನ್ನು ತಿದ್ದಿದರೆ ಅವರೇನೂ ಸುಧಾರಿಸುವುದಿಲ್ಲ. ನಕ್ಕ ನಾವು ಮಾತ್ರ ತಪ್ಪಿಸಿಕೊಳ್ಳುತ್ತೇವೆ.

ಇನ್ನು ನನ್ನ ಚಿಕ್ಕಪ್ಪನ ಮಗ. ಅವನು ಹಿರಣ್ಣಯ್ಯನವರನ್ನು ಕಂಡಿರುವುದು ಮೊಬೈಲಿನಲ್ಲಿ ಮಾತ್ರ, ಅದೂ ಅರ್ಧ ನಿಮಿಷದ ತುಣುಕುಗಳಲ್ಲಿ. ಯಾವ ಪಕ್ಷದವರಿಗೆ ಯಾವ ತುಣುಕು ಬೇಕೋ ಅದನ್ನು ಅವರು ಹಂಚುತ್ತಾರೆ. ಅವನು ಕಳಿಸಿದ ಹನ್ನೆರಡು ತುಣುಕುಗಳನ್ನು ಒಂದಾದ ಮೇಲೊಂದು ನೋಡಿದೆ. ಎಲ್ಲವೂ ಅಧಿಕಾರದಲ್ಲಿರುವವರ ಮೇಲೆ. ಬಸ್ ಚಾಲಕರು ಹೇಳಿದ, ಪ್ರೇಕ್ಷಕರ ಕಡೆ ತಿರುಗುವ ಆ ಗಳಿಗೆ ಒಂದರಲ್ಲೂ ಇರಲಿಲ್ಲ.

ಆಗ ನನಗೆ ಹೊಳೆದದ್ದು ಇದು. ಹಾಸ್ಯಗಾರ ಹೋದ ಮೇಲೆ ಅವನ ಸಂಗ್ರಹವನ್ನು ಹೆಚ್ಚಾಗಿ ಕತ್ತರಿಸುವವರು ಅಭಿಮಾನಿಗಳಾದ ನಾವೇ. ವ್ಯಾಪಾರಿ ಉಪದೇಶವನ್ನು ಓಡಿಸುತ್ತಾರೆ. ತಮ್ಮ ತನಗೆ ಬೇಕಾದ ಅರ್ಧ ನಿಮಿಷ ಆರಿಸಿಕೊಳ್ಳುತ್ತಾನೆ. ಅಪ್ಪ ಏನನ್ನೂ ಓಡಿಸಲಿಲ್ಲ, ಇಡೀ ನಾಟಕ ನೋಡಿದರು. ಆದರೆ ನೋಡುವಾಗ ತಮ್ಮ ಮಂಗಳವಾರವನ್ನು ಪಕ್ಕಕ್ಕಿಟ್ಟಿದ್ದರು. ಲಂಚದಲ್ಲಿ ಎರಡು ಕೈಗಳಿರುತ್ತವೆ. ನಮ್ಮ ನಗು ತೆಗೆದುಕೊಳ್ಳುವ ಕೈಯನ್ನಷ್ಟೇ ನೋಡುತ್ತದೆ.

ಫ್ರೆಂಚ್ ತತ್ವಜ್ಞಾನಿ ಹೆನ್ರಿ ಬರ್ಗ್‌ಸನ್ 1900ರಲ್ಲಿ ನಗುವಿನ ಬಗ್ಗೆ ಒಂದು ಪುಸ್ತಕ ಬರೆದ. ನಗುವುದಕ್ಕೆ ಗುಂಪು ಬೇಕು, ಒಂಟಿಯಾಗಿದ್ದವನ ನಗು ನಿಲ್ಲುವುದಿಲ್ಲ ಅನ್ನುವುದು ಅವನ ಒಂದು ಮಾತು. ದಾರಿ ತಪ್ಪಿದವನನ್ನು ಸಮಾಜ ನಗುವಿನ ಮೂಲಕ ತಿದ್ದುತ್ತದೆ ಅನ್ನುವುದು ಇನ್ನೊಂದು. ಪೆಂಡಾಲಿನಲ್ಲಿ ಕೂತು ‘ಲಂಚಾವತಾರ’ ನೋಡಿದವರಿಗೆ ಎರಡೂ ನಿಜವಾಗಿತ್ತು. ಅಲ್ಲಿ ಅಧಿಕಾರಿಯೂ ಇದ್ದ, ಅವನಿಗೆ ಕವರು ಕೊಟ್ಟವನೂ ಇದ್ದ, ಇಬ್ಬರನ್ನೂ ಬಲ್ಲ ಊರೂ ಇತ್ತು. ಒಬ್ಬನು ನಕ್ಕರೆ ಇನ್ನೊಬ್ಬ ನೋಡುತ್ತಿದ್ದ. ನಮ್ಮ ಹಜಾರದಲ್ಲಿ ಗುಂಪೇನೋ ಇತ್ತು, ಆದರೆ ತಿದ್ದಿಸಿಕೊಳ್ಳುವವರು ಯಾರೂ ಇರಲಿಲ್ಲ. ನಾವೆಲ್ಲ ಒಂದೇ ಕಡೆ ಕೂತಿದ್ದೆವು.

ನಗೆಗೆ ಅದರದೇ ಸಂಜೆ ಇರುತ್ತದೆ ಅನ್ನುವುದಕ್ಕೆ ಅಮೆರಿಕದ ಜಾರ್ಜ್ ಕಾರ್ಲಿನ್ ಕಥೆ ನೆನಪಾಗುತ್ತದೆ. ಸ್ಟ್ಯಾಂಡ್-ಅಪ್ ಲೋಕದಲ್ಲಿ ದೊಡ್ಡ ಹೆಸರು. 1977ರಿಂದ 2008ರವರೆಗೆ ಎಚ್‌ಬಿಒ ವಾಹಿನಿಗೆ 14 ಕಾರ್ಯಕ್ರಮ ಕೊಟ್ಟವನು. ಅವನು ಸತ್ತ ಹತ್ತು ವರ್ಷಕ್ಕೆ, 2018ರಲ್ಲಿ, ಅವೆಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಡಿವಿಡಿಯಾಗಿ ಬಂದವು. ಕಾರ್ಲಿನ್ 2001ರ ಸೆಪ್ಟೆಂಬರ್ 9 ಮತ್ತು 10ರಂದು ಲಾಸ್ ವೇಗಸ್‌ನಲ್ಲಿ ಹೊಸ ಹಾಸ್ಯವೊಂದನ್ನು ಆಡಿ ಧ್ವನಿಮುದ್ರಿಸಿದ್ದ. ಒಟ್ಟಿಗೆ ತುಂಬಾ ಜನ ಸತ್ತರೆ ನನಗೆ ಖುಷಿಯಾಗುತ್ತದೆ ಅನ್ನುವುದು ಅದರ ಹುರುಳು, ಹೆಸರೂ ಅದೇ. ಮರುದಿನ ನ್ಯೂಯಾರ್ಕಿನ ಅವಳಿ ಗೋಪುರಗಳು ಉರುಳಿದವು. ಕಾರ್ಲಿನ್ ಅದನ್ನು ಹೊರಗೆ ಬಿಡಲಿಲ್ಲ. ನವೆಂಬರಿನಲ್ಲಿ ಬೇರೆ ಹೆಸರಿನ ಕಾರ್ಯಕ್ರಮ ಮಾಡಿದ. ಹಳೆಯ ಧ್ವನಿಮುದ್ರಿಕೆ ಕೊನೆಗೆ ಹೊರಬಂದದ್ದು 2016ರಲ್ಲಿ, ಅವನು ತೀರಿಕೊಂಡ ಎಂಟು ವರ್ಷಕ್ಕೆ. ಅಷ್ಟು ಹೊತ್ತಿಗೆ ಅದು ಯಾರನ್ನೂ ಸುಡುವಂತಿರಲಿಲ್ಲ. ಅಭಿಮಾನಿಗಳು ಅದನ್ನು ಸಂಗ್ರಹಕ್ಕೆ ಸೇರಿಸಿಕೊಳ್ಳಬಹುದಿತ್ತು, ಅಷ್ಟೇ.

ಅದೇ ಕಾರ್ಲಿನ್‌ನ ಧ್ವನಿಯನ್ನು ಕೃತಕ ಬುದ್ಧಿಮತ್ತೆಯ ಹೆಸರಿನಲ್ಲಿ ಅನುಕರಿಸಿ 2024ರ ಜನವರಿಯಲ್ಲಿ ಒಂದು ಗಂಟೆಯ ಹೊಸ ಹಾಸ್ಯವೊಂದನ್ನು ಅಂತರ್ಜಾಲಕ್ಕೆ ಬಿಟ್ಟರು. ಮಗಳು ಕೆಲ್ಲಿ ಕಾರ್ಲಿನ್ ವಿರೋಧಿಸಿದರು, ವಿಷಯ ಕೋರ್ಟಿಗೆ ಹೋಯಿತು, ಏಪ್ರಿಲ್‌ನಲ್ಲಿ ರಾಜಿಯಾಗಿ ಅದನ್ನು ತೆಗೆಸಲಾಯಿತು. ನಾಳೆ ಹಿರಣ್ಣಯ್ಯನವರ ಧ್ವನಿಯಲ್ಲೂ ಇಂದಿನ ಮಂತ್ರಿಗಳನ್ನು ಬೈಸಬಹುದು. ಆದರೆ ಮಂತ್ರಿ ಮುಂದಿನ ಸಾಲಿನಲ್ಲಿ ಕೂತಿರುವಾಗ ಆ ಮಾತಾಡಿ, ನಾಟಕ ಮುಗಿದ ಮೇಲೆ ಅದೇ ಊರಿನಲ್ಲಿ ಉಳಿದುಕೊಳ್ಳಬೇಕಾದ ಮನುಷ್ಯ ಅಲ್ಲಿ ಇರುವುದಿಲ್ಲ. ಆ ಮಾತಿನ ಬೆಲೆ ತೆರಲು ಯಾರೂ ಇಲ್ಲದಿದ್ದರೆ ಅದು ಬರೀ ಮಿಮಿಕ್ರಿ.

ಇಷ್ಟೆಲ್ಲ ಹೇಳಿದ ಮೇಲೆ ಅಪ್ಪನ ಪರವಾಗಿಯೂ ಮಾತಾಡಬೇಕು. ಅವರು ಆಸೆಗೆ ಕೊಟ್ಟವರಲ್ಲ, ಸಾಕಾಗಿ ಕೊಟ್ಟವರು. ಕೈಯಲ್ಲಿ ಏನೂ ಇಲ್ಲದವನಿಗೆ ನಗುವಾದರೂ ಬೇಡವೇ? ಐದು ತಿಂಗಳು ಕಿಟಕಿಯ ಮುಂದೆ ಕೈಕಟ್ಟಿ ನಿಂತವನು ಎರಡು ಗಂಟೆ ಆ ಕಿಟಕಿಯೊಳಗಿನವನನ್ನು ನೋಡಿ ನಕ್ಕರೆ ಅದು ಪಾಪವೇ? ಅಲ್ಲ. ಆ ನಗು ಇಲ್ಲದಿದ್ದರೆ ನಮ್ಮಂಥವರು ಹುಚ್ಚರಾಗುತ್ತಿದ್ದೆವು. ಹಾಸ್ಯಗಾರನೂ ಪೊಲೀಸನಲ್ಲ. ಅವನ ನಾಟಕ ಸಾವಿರಾರು ಪ್ರದರ್ಶನ ಕಂಡರೂ ಲಂಚ ನಿಲ್ಲಲಿಲ್ಲ ಎಂದು ಅವನನ್ನು ದೂರುವುದು, ಡಾಕ್ಟರು ಸತ್ತ ಮೇಲೂ ಕೆಮ್ಮು ಉಳಿದಿದೆ ಎಂದು ಅವರ ಮೇಲೆ ಮುನಿಸಿಕೊಂಡ ಹಾಗೆ.

ಆದರೂ ಒಂದು ವಿಷಯ ನನ್ನನ್ನು ಬಿಡುವುದಿಲ್ಲ. 1988ರ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿಯಾಯಿತು. ಅದರ ಪ್ರಕಾರ ಲಂಚ ಕೊಡುವುದೂ ಅಪರಾಧ, ಏಳು ವರ್ಷದವರೆಗೆ ಶಿಕ್ಷೆಯಾಗಬಹುದು. ಬಲವಂತಕ್ಕೆ ಸಿಕ್ಕಿ ಕೊಟ್ಟವನಿಗೆ ಒಂದು ಬಾಗಿಲು ತೆರೆದಿದೆ: ಕೊಟ್ಟ ಏಳು ದಿನದೊಳಗೆ ತನಿಖಾ ಸಂಸ್ಥೆಗೆ ತಿಳಿಸಬೇಕು. ಅಪ್ಪ ಕೊಟ್ಟದ್ದು ಮಂಗಳವಾರ. ನಾವು ನಕ್ಕದ್ದು ಗುರುವಾರ. ಕಾನೂನು ಕೊಟ್ಟ ಏಳು ದಿನಗಳಲ್ಲಿ ಇನ್ನೂ ಐದು ಬಾಕಿಯಿದ್ದವು.

ಈ ಕಾಯ್ದೆ ನಮಗೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೂ ಹೋಗುತ್ತಿದ್ದೆವು ಎಂದು ಎದೆ ಮುಟ್ಟಿ ಹೇಳಲಾರೆ. ಖಾತೆ ನಿಲ್ಲುತ್ತದೆ, ವಕೀಲರ ಖರ್ಚು, ಊರಿನವರ ಮಾತು, ಎಲ್ಲವೂ ಎದುರಿಗೆ ಬರುತ್ತಿದ್ದವು. ಆದರೆ ಆ ರಾತ್ರಿ ಅಪ್ಪನಿಗೆ ಮಲಗುವ ಮೊದಲು ಒಂದು ಕಸಿವಿಸಿ ಇರಬೇಕಿತ್ತು. ಆ ಕಸಿವಿಸಿಯನ್ನು ಸಿ.ಡಿ. ತೆಗೆದುಕೊಂಡು ಹೋಯಿತು. ವಿಡಂಬನೆಯ ನಿಜವಾದ ಅಪಾಯ ಇಲ್ಲಿದೆ ಅನ್ನಿಸುತ್ತದೆ. ಅದು ತಪ್ಪನ್ನು ಚೆನ್ನಾಗಿ ತೋರಿಸುತ್ತದೆ. ಎಷ್ಟು ಚೆನ್ನಾಗಿ ಎಂದರೆ, ನೋಡಿದ್ದೇ ಸಾಕು, ನಮ್ಮ ಪಾಲಿನ ಕೆಲಸ ಮುಗಿಯಿತು ಅನ್ನಿಸಿಬಿಡುತ್ತದೆ. ರಂಗದ ಮೇಲಿದ್ದಾಗ ಹಿರಣ್ಣಯ್ಯ ಅದು ಮುಗಿಯಲು ಬಿಡದೆ ನಮ್ಮ ಕಡೆ ತಿರುಗುತ್ತಿದ್ದರು. ಅವರಿಲ್ಲದ ಮೇಲೆ ಆ ತಿರುಗುವ ಕೆಲಸ ನೋಡುವವರ ಮೇಲೆ ಬಿದ್ದಿದೆ. ನಮ್ಮ ಮನೆಯಲ್ಲಿ ಆ ರಾತ್ರಿ ಅದನ್ನು ಮಾಡಿದವರು ಅಮ್ಮ ಒಬ್ಬರೇ. ಅವರು ಹಿರಣ್ಣಯ್ಯನವರ ಒಂದು ನಾಟಕವನ್ನೂ ಪೂರ್ತಿ ನೋಡಿದವರಲ್ಲ.

ಹೋದ ತಿಂಗಳು ಈ ಬರಹದ ಬಗ್ಗೆ ಅಪ್ಪನಿಗೆ ಹೇಳಿದೆ. ನಮ್ಮ ಮನೆಯ ವಿಷಯ ಬರೆಯಲಾ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಬರಿ” ಅಂದರು. ಆಮೇಲೆ ತಾವಾಗಿಯೇ ಮಾತು ಮುಂದುವರಿಸಿದರು. ಎಂಬತ್ತರ ದಶಕದ ಕೊನೆಯಲ್ಲಿ, ಗಣೇಶನ ಹಬ್ಬದ ಪೆಂಡಾಲಿನಲ್ಲಿ ‘ಲಂಚಾವತಾರ’ ನೋಡಿದ್ದರಂತೆ. “ಅವತ್ತು ಅವರು ನನ್ನನ್ನೇ ನೋಡಿ ಹೇಳ್ತಿದಾರೆ ಅನ್ನಿಸಿತ್ತು ಕಣೋ. ಟಿ.ವಿ.ಲಿ ನಾನು ಅವರನ್ನ ನೋಡ್ತೀನಿ, ಅಷ್ಟೇ.”

ಈಗ ಮನೆಯ ಮೇಲೆ ಇನ್ನೊಂದು ಮಹಡಿ ಕಟ್ಟಬೇಕಾಗಿದೆ. ನಕ್ಷೆಯ ಮಂಜೂರಾತಿಗೆ ಅರ್ಜಿ ಹಾಕಿ ಆರು ವಾರವಾಯಿತು. ಮೊನ್ನೆ ಅಲ್ಲಿಂದ ಬಂದ ಅಪ್ಪ, “ಅದೇ ಹಳೇ ರಾಗ” ಎಂದಷ್ಟೇ ಹೇಳಿ ಕೈಕಾಲು ತೊಳೆಯಲು ಹೋದರು. ಸೋಮವಾರ ನಾನು ಹೋಗುತ್ತೇನೆ ಎಂದು ಹೇಳಿದ್ದೇನೆ. ಅರ್ಜಿಯ ರಸೀದಿ ನನ್ನ ಚೀಲದಲ್ಲಿದೆ. ಬರಿಗೈಯಲ್ಲಿ ಹೋಗಿ ಬರಿಗೈಯಲ್ಲಿ ಬರುವಷ್ಟು ಗಟ್ಟಿತನ ನನ್ನಲ್ಲಿದೆಯೇ ಅನ್ನುವುದು ಅಲ್ಲಿ ನಿಂತಾಗಲೇ ತಿಳಿಯಬೇಕು. ಅಪ್ಪನ ಡಬ್ಬ ಮತ್ತೆ ಅಟ್ಟಕ್ಕೆ ಹೋಗಿದೆ. ಸೋಮವಾರ ಮುಗಿಯುವವರೆಗೆ ಅದನ್ನು ಇಳಿಸುವುದು ಬೇಡ ಎಂದು ಅಮ್ಮನಿಗೆ ಹೇಳಿದ್ದೇನೆ.