ಆರಿದ ಕುಲುಮೆಗೆ ಮರಳಿ ಅಗ್ನಿ

ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಸ್ಟಿಕಲ್‌ಪಾತ್ ಎಂಬ ಗ್ರಾಮದಲ್ಲಿ ಒಂದು ಹಳೆಯ ಕಮ್ಮಾರಸಾಲೆಯಿದೆ. 1814ರಿಂದ ಫಿಂಚ್ ಮನೆತನದವರು ಅದನ್ನು ನಡೆಸಿದರು. ಅಲ್ಲಿ ನೀರೇ ಆಳು. ನೀರಿನ ಚಕ್ರಗಳು ಭಾರವಾದ ಸುತ್ತಿಗೆಗಳನ್ನು ಎತ್ತಿ ಬಡಿಯುತ್ತಿದ್ದವು, ಕುಲುಮೆಗೆ ಗಾಳಿಯೂದುತ್ತಿದ್ದವು, ಸಾಣೆಕಲ್ಲನ್ನು ತಿರುಗಿಸುತ್ತಿದ್ದವು. ರೈತರಿಗೂ ಗಣಿಗಾರರಿಗೂ ಬೇಕಾದ ಉಪಕರಣಗಳು ಅಲ್ಲಿ ಸಿದ್ಧವಾಗುತ್ತಿದ್ದವು. 1960ರಲ್ಲಿ ಕೆಲಸ ನಿಂತಿತು. ಅನಂತರ ಅದನ್ನು ಉದ್ಧರಿಸಿದವರು ಗೋಡೆ ಛಾವಣಿಗಳನ್ನು ನಿಲ್ಲಿಸಿ ಸುಮ್ಮನಾಗಲಿಲ್ಲ. ಚಕ್ರ ತಿರುಗುವಂತೆ, ಸುತ್ತಿಗೆ ಏಳುವಂತೆ ಮಾಡಿದರು. ಈಗ ಅದು ನ್ಯಾಶನಲ್ ಟ್ರಸ್ಟ್ ಸಂಸ್ಥೆಯ ವಶದಲ್ಲಿದೆ.

ಇಲ್ಲೊಂದು ಧರ್ಮಸೂಕ್ಷ್ಮವುಂಟು. ದುಡಿಯುವ ಯಂತ್ರವು ಸವೆಯುತ್ತದೆ. ನೀರಿನಲ್ಲಿ ನೆನೆಯುವ ಮರವು ಕೊಳೆಯುತ್ತದೆ. ಹಳೆಯದನ್ನು ತೆಗೆದು ಹೊಸದನ್ನು ಹಾಕಲೇಬೇಕು. ಪೂರ್ವಿಕರ ವಸ್ತುವನ್ನು ಹೀಗೆ ದುಡಿಸಿ ಸವೆಸುವುದು ಯುಕ್ತವೇ, ಮುಟ್ಟದೆ ಕಾಯ್ದಿಡುವುದೇ ಗೌರವವಲ್ಲವೇ ಎಂದು ಕೇಳುವವರ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು.

ಆದರೆ ಕಮ್ಮಾರನ ವಿದ್ಯೆಯು ಗೋಡೆಯಲ್ಲಿಲ್ಲ. ಕಾದ ಕಬ್ಬಿಣದ ಬಣ್ಣವನ್ನು ಕಂಡು ಅದರ ಹದವನ್ನರಿಯಬೇಕು. ಅದಕ್ಕಾಗಿಯೇ ಕಮ್ಮಾರಸಾಲೆಯಲ್ಲಿ ಮಬ್ಬುಗತ್ತಲೆ. (ನೋಡಬಂದವರಿಗಾಗಿ ದೀಪ ಹೆಚ್ಚಿಸಿದರೆ ಕಮ್ಮಾರನೇ ಕುರುಡನಾದಾನು!) ಕೆಂಡಗೆಂಪು ಹಳದಿಗೆ ತಿರುಗುವ ಗಳಿಗೆಯನ್ನು ಪುಸ್ತಕವು ವರ್ಣಿಸಬಲ್ಲುದು, ಕಣ್ಣಿಗೆ ಕಲಿಸಲಾರದು. ಗುರುವಿನ ಪಕ್ಕದಲ್ಲಿ ನಿಂತು ದುಡಿದ ಶಿಷ್ಯನಿಗೆ ಮಾತ್ರ ಅದು ದಕ್ಕುತ್ತದೆ. ಕಾಯಕದ ಮರ್ಮವನ್ನು ಬಲ್ಲ ಸದ್ಭಕ್ತರಿಗೆ ಇದು ಹೊಸ ಮಾತಲ್ಲ. ಮರದ ಚಕ್ರವನ್ನು ಮತ್ತೆ ಮಾಡಬಹುದು. ಕೈಯಿಂದ ಕೈಗೆ ಬಂದ ಹದವು ಒಂದು ತಲೆಮಾರು ತಪ್ಪಿದರೆ ಅದನ್ನು ಯಾರಿಂದ ಕಲಿಯುವುದು?

ಆದುದರಿಂದ ಬೆಂಕಿ ಹೊತ್ತಿಸಿದುದೇ ಸರಿಯೆಂದು ನಮ್ಮ ಅಭಿಪ್ರಾಯ. ಆದರೂ ನೋಟಕರ ಮೆಚ್ಚುಗೆಗಾಗಿ ಬಡಿದ ಕಬ್ಬಿಣವನ್ನು ಸಂಜೆ ಮೂಲೆಗೆ ಎಸೆದರೆ ಅದು ಬರಿಯ ಆಟವಾದೀತು. ಇಂಥ ಎಡೆಯಲ್ಲಿ ಮಾಡಿದ ಕುಡುಗೋಲು ಯಾರದಾದರೂ ಹೊಲಕ್ಕೆ ಹೋಗುತ್ತದೆಯೇ, ಕಲಿಯಬಂದ ಹುಡುಗನ ಕೈಗೆ ಸುತ್ತಿಗೆಯನ್ನು ಕೊಡುತ್ತಾರೆಯೇ ಎಂದು ಕೇಳಿ ನೋಡಬೇಕು.