ನಾಸಾಸಂಧಾನವೂ ಮಾನವೂ

ಮೂಗನ್ನು ಕೊಯ್ಯುವುದೆಂದರೆ ಅಪಮಾನವನ್ನು ಮುಖದ ಮೇಲೆ ಶಾಶ್ವತವಾಗಿ ಬರೆದಂತೆ. ಆ ಬರಹವನ್ನು ಅಳಿಸುವ ವಿದ್ಯೆಯೇ ನಾಸಾಸಂಧಾನವು. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಅದರ ಕ್ರಮವುಂಟು: ಮೂಗಿನ ಅಳತೆಗೆ ಎಲೆಯನ್ನು ಕತ್ತರಿಸಿ, ಆ ಪ್ರಮಾಣದ ಚರ್ಮವನ್ನು ಕೆನ್ನೆಯಿಂದ ಬುಡ ಬಿಡಿಸದೆ ಎತ್ತಿ ಜೋಡಿಸತಕ್ಕದ್ದು.

1792ರ ಯುದ್ಧದಲ್ಲಿ ಇಂಗ್ಲಿಷರ ಸೇನೆಗೆ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿಯು ಟಿಪ್ಪುವಿನ ಸೆರೆಯಲ್ಲಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಪುಣೆಯ ಸಮೀಪದಲ್ಲಿ ಇಟ್ಟಿಗೆ ಮಾಡುವ ಕುಲದವನೊಬ್ಬನು ಹಣೆಯ ಚರ್ಮದಿಂದ ಅವನಿಗೆ ಮೂಗನ್ನು ಕಟ್ಟಿದನು. 1794ರಲ್ಲಿ ಈ ವೃತ್ತಾಂತವು ಲಂಡನ್ನಿನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. 1814ರಲ್ಲಿ ಕಾರ್ಪ್ಯೂ ಎಂಬ ಶಸ್ತ್ರವೈದ್ಯನು ಅಲ್ಲಿ ಅದೇ ಕ್ರಮವನ್ನು ಅನುಸರಿಸಿದನು.

ರೂಪವು ಪೂರ್ವಕರ್ಮದ ಫಲ, ಅದನ್ನು ತಿದ್ದಲಾಗದು ಎಂಬವರುಂಟು. ಹಾಗಾದರೆ ಜ್ವರಕ್ಕೆ ಔಷಧವೂ ಕೂಡದು.

ಈಗ ಅಂಗಭಂಗವಿಲ್ಲದವರೂ ಮೂಗನ್ನು ತಿದ್ದಿಸಿಕೊಳ್ಳುತ್ತಾರೆ. ಇದೆಲ್ಲವೂ ವಿಲಾಸವೆನ್ನಬಹುದೆ? ಪರಿಹಾಸದಿಂದ ಬೆಂದವನ ನೋವನ್ನು ನೋಡುವವರು ಅಳೆಯಲಾರರು. ಅವನನ್ನು ನಿಂದಿಸುವುದು ಸಲ್ಲದು. ಆದರೂ ಒಂದು ಭೇದವುಂಟು. ಕೊಯ್ದ ಮೂಗನ್ನು ಕೂಡಿಸಿದಾಗ ಕೊಯ್ದವನು ಸೋಲುತ್ತಾನೆ. ಸಹಜವಾದ ಮೂಗನ್ನು ಪರಿಹಾಸಕ್ಕಂಜಿ ತಿದ್ದಿಸಿಕೊಂಡಾಗ ಪರಿಹಾಸ ಮಾಡಿದವನೇ ಗೆಲ್ಲುತ್ತಾನೆ. ಶಸ್ತ್ರವು ಮುಖವನ್ನು ತಿದ್ದೀತು. ನೋಡುವ ಕಣ್ಣನ್ನು ತಿದ್ದುವ ಭಾರವು ನೋಡುವವರದೇ ಸರಿ.